ಇನ್ನೊಬ್ಬರ ಕೈ

ಹಳೆಯ ಕಥೆಗಳ ಗುರುವಿಗೆ ಜಡೆಯಿರುತ್ತದೆ, ಕಮಂಡಲವಿರುತ್ತದೆ. ಈ ಕಥೆಯ ಗುರುವಿಗೆ ಇದ್ದದ್ದು ಒಂದು ಮಾಸಿದ ಬಿಳಿ ಕೋಟು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಹೆಸರು ನೀಲಾಂಬಿಕೆ. ಶಿಷ್ಯರಿಗೆಲ್ಲ ಮೇಡಂ.

ಆಶ್ರಮ ಎಂದರೆ ನದಿಯ ದಂಡೆಯಲ್ಲಿದ್ದ ಒಂದು ಪ್ರಯೋಗಾಲಯ. ಗಿಡಗಳಿಗೆ ರೋಗ ತರುವ ವೈರಸ್ಸುಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ವೈರಸ್ಸಿನೊಳಗೆ ಸುತ್ತಿಕೊಂಡಿರುವ ಆರ್‌ಎನ್‌ಎ ಎಂಬ ಎಳೆಯ ಹಿಂದೆ ಬಿದ್ದು ಮೇಡಂ ತಮ್ಮ ಆಯುಷ್ಯದ ಬಹುಪಾಲು ಕಳೆದಿದ್ದರು. ವಿದೇಶದಲ್ಲಿ ಕಲಿತು, ಅಲ್ಲಿ ಸಿಕ್ಕ ಕೆಲಸ ಬಿಟ್ಟು ಬಂದು, ಒಂದು ಹಳೇ ಫ್ರಿಜ್ಜು ಇಟ್ಟುಕೊಂಡು ಇದನ್ನು ಶುರುಮಾಡಿದವರು.

ಅಲ್ಲಿ ಒಂದು ಪದ್ಧತಿಯಿತ್ತು. ಅದಕ್ಕೆ ಕೈ ಬದಲು ಎನ್ನುತ್ತಿದ್ದರು.

ಯಾರಿಗಾದರೂ ಒಳ್ಳೆಯ ಫಲಿತಾಂಶ ಬಂದರೆ ಕುಣಿಯುವ ಹಾಗಿರಲಿಲ್ಲ. ಅದೇ ಪ್ರಯೋಗವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು. ಅವರು ಬೀಜ ಹಾಕುವುದರಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಬೇಕು. ಮೊದಲು ಮಾಡಿದವರು ಏನನ್ನೂ ಮುಟ್ಟಕೂಡದು. ಇನ್ನೊಬ್ಬರ ಕೈಯಲ್ಲೂ ಅದೇ ಬಂದರೆ ಮಾತ್ರ ಪೇಪರ್ ಅಚ್ಚಿಗೆ ಹೋಗುತ್ತಿತ್ತು.

ಹಳಬರು ಇದಕ್ಕೆ ಒಗ್ಗಿಹೋಗಿದ್ದರು. ತಾನೂ ಒಗ್ಗಿದ್ದೇನೆ ಎಂದುಕೊಂಡಿದ್ದ ತಿಪ್ಪೇಶ.

ತಿಪ್ಪೇಶ ಮೇಡಂ ಅವರ ಶಿಷ್ಯರಲ್ಲಿ ಹಿರಿಯವನು. ಜಾಣ, ಚುರುಕು, ಮೂಗಿನ ತುದಿಯಲ್ಲಿ ಸಿಟ್ಟು. ಪರಂಗಿ ಗಿಡದ ಒಂದು ವೈರಸ್ಸನ್ನು ಹಿಡಿದು ವರ್ಷಗಟ್ಟಲೆ ಕೂತಿದ್ದ. ಜೊತೆಯಲ್ಲಿ ಓದಿದವರು ಒಂದೊಂದು ಕಾಲೇಜು ಸೇರಿ ಮೇಷ್ಟ್ರುಗಳಾಗಿದ್ದರು. ಊರಿಗೆ ಹೋದಾಗಲೆಲ್ಲ ಅವನ ಅವ್ವ, "ನಿಂದು ಇನ್ನೂ ಓದು ಮುಗೀಲಿಲ್ವೇನಪ್ಪಾ?" ಎನ್ನುತ್ತಿದ್ದಳು. ಪಕ್ಕದ ಮನೆಯವರೂ ಅದನ್ನೇ ಕೇಳುತ್ತಿದ್ದರು, ಸ್ವಲ್ಪ ಜೋರಾಗಿ.

ಕೊನೆಗೂ ಅವನ ಪ್ರಯೋಗ ಕೈಗೂಡಿತು.

ವೈರಸ್ಸಿನ ಆರ್‌ಎನ್‌ಎಯದ್ದೇ ಒಂದು ತುಣುಕನ್ನು ತಯಾರಿಸಿ, ನೀರಿಗೆ ಬೆರೆಸಿ, ಪರಂಗಿಯ ಎಲೆಗೆ ಸಿಂಪಡಿಸುವುದು. ಗಿಡ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಮುಂದೆ ನಿಜವಾದ ವೈರಸ್ ಒಳಗೆ ಬಂದರೆ ಅದರ ಆರ್‌ಎನ್‌ಎಯನ್ನು ತುಂಡುತುಂಡಾಗಿ ಕತ್ತರಿಸುತ್ತದೆ. ತಿಪ್ಪೇಶ ಸಿಂಪಡಿಸಿದ ಗಿಡಗಳಲ್ಲಿ ವೈರಸ್ಸಿನ ಸುಳಿವೇ ಇರಲಿಲ್ಲ.

ದೂರದ ಊರಿನ ದೊಡ್ಡ ಪ್ರಯೋಗಾಲಯವೊಂದು ಅವನಿಗೆ ಕೆಲಸ ಕೊಡಲು ಒಪ್ಪಿತ್ತು. ಒಂದೇ ಷರತ್ತು, ಪೇಪರ್ ಅಚ್ಚಿಗೆ ಹೋಗಿರಬೇಕು.

ಅವನು ಫಲಿತಾಂಶದ ಚಿತ್ರ ಹಿಡಿದು ಮೇಡಂ ಮುಂದೆ ನಿಂತ.

"ಚೆನ್ನಾಗಿದೆ," ಎಂದರು ಮೇಡಂ. "ಕೈ ಬದಲಿಸು."

"ಯಾರಿಗೆ ಕೊಡ್ಲಿ ಮೇಡಂ?"

"ಮುಬೀನಾಗೆ ಕೊಡು."

ತಿಪ್ಪೇಶನ ಮುಖ ಸಪ್ಪಗಾಯಿತು. ಮುಬೀನಾ ಬಂದು ಸೇರಿ ಇನ್ನೂ ವರ್ಷವಾಗಿರಲಿಲ್ಲ.

"ಅವಳಿನ್ನೂ ಹೊಸಬಳು ಮೇಡಂ. ಕೈ ಪಳಗಿಲ್ಲ."

"ಪರಂಗಿ ಬೆಳೆಯೋರ ಕೈ ಇದರಲ್ಲಿ ಪಳಗಿರುತ್ತಾ?"

ತಿಪ್ಪೇಶ ಚಿತ್ರ ಎತ್ತಿಕೊಂಡು ಹೊರಗೆ ಬಂದ. ಬೀಜವನ್ನೂ ಸಿಂಪಡಿಸುವ ಆರ್‌ಎನ್‌ಎಯನ್ನೂ ಮುಬೀನಾಳಿಗೆ ಒಪ್ಪಿಸಿ, ಮಾಡುವ ಕ್ರಮ ಹೇಳಿಕೊಟ್ಟ.

ಅವಳು ಗಿಡ ಬೆಳೆಸಿದಳು. ಕೆಲವಕ್ಕೆ ಸಿಂಪಡಿಸಿದಳು, ಕೆಲವನ್ನು ಹಾಗೇ ಬಿಟ್ಟಳು. ಎಲ್ಲಕ್ಕೂ ವೈರಸ್ ಹಚ್ಚಿದಳು. ಆಮೇಲೆ ಎಲೆ ಕಿತ್ತು, ಅರೆದು, ಪರೀಕ್ಷೆಗೆ ಹಾಕಿದಳು. ಆ ಪರೀಕ್ಷೆಯಲ್ಲಿ ಗೆರೆ ಮೂಡಿದರೆ ವೈರಸ್ ಇದೆ ಎಂದರ್ಥ, ಮೂಡದಿದ್ದರೆ ಇಲ್ಲ.

ಎಲ್ಲ ಗಿಡಗಳಲ್ಲೂ ಗೆರೆ ಮೂಡಿತ್ತು. ಸಿಂಪಡಿಸಿದ್ದರಲ್ಲೂ.

"ಸರಿಯಾಗಿ ಸಿಂಪಡಿಸಿಲ್ಲ ನೀನು," ಎಂದ ತಿಪ್ಪೇಶ. "ಇಲ್ಲಾಂದ್ರೆ ಅರೆಯೋವಾಗ ರೋಗದ ಎಲೆ ಪುಡಿ ಹಾರಿ ಇದಕ್ಕೆ ಬಿದ್ದಿದೆ. ಗ್ಲೌಸ್ ಬದಲಾಯಿಸಿದ್ಯಾ?"

"ಬದಲಾಯಿಸಿದೀನಿ ತಿಪ್ಪೇಶಣ್ಣ."

"ಮತ್ತೆ ಮಾಡು."

ಮತ್ತೆ ಮಾಡಿದಳು. ಮತ್ತೆ ಗೆರೆ.

ಒಂದೊಂದು ಎಲೆಗೆ ಒಂದೊಂದು ಗ್ಲೌಸ್ ಹಾಕಿಕೊಳ್ಳತೊಡಗಿದಳು. ಬೆಂಚನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಅವಳ ಬೆರಳುಗಳ ಚರ್ಮ ಬೆಳ್ಳಗೆ ಸುಕ್ಕಾಯಿತು. ಬಂದಾಗ ವಟವಟ ಮಾತಾಡುತ್ತಿದ್ದ ಹುಡುಗಿ ಈಗ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು. ಗೆರೆ ಮಾತ್ರ ಹೋಗಲಿಲ್ಲ.

ಒಂದು ದಿನ ಮೆಟ್ಟಿಲ ಬಳಿ ಅವಳು ತನ್ನ ಅಪ್ಪನಿಗೆ ಫೋನು ಮಾಡುತ್ತಿದ್ದದ್ದು ತಿಪ್ಪೇಶನ ಕಿವಿಗೆ ಬಿತ್ತು.

"ನನ್ನ ಕೈಗೆ ಈ ಕೆಲಸ ಹತ್ತಲ್ಲ ಅಬ್ಬಾ. ವಾಪಸ್ ಬಂದುಬಿಡ್ತೀನಿ."

ಅವನಿಗೆ ಪಾಪ ಎನ್ನಿಸಿತು. ಹೋದರೆ ಹೋಗಲಿ, ಬೇರೆ ಯಾರಾದರೂ ಮಾಡುತ್ತಾರೆ ಎಂದೂ ಎನ್ನಿಸಿತು. ಎರಡೂ ನಿಜ.

ಅಷ್ಟರಲ್ಲಿ ದೂರದ ಪ್ರಯೋಗಾಲಯದವರು ಇನ್ನು ಹೆಚ್ಚು ದಿನ ಕಾಯಲು ಆಗುವುದಿಲ್ಲ ಎಂದು ತಿಳಿಸಿದರು. ತಿಪ್ಪೇಶ ಮೇಡಂ ಹತ್ತಿರ ಓಡಿದ.

"ಇದೊಂದು ಸಲ ಕೈ ಬದಲು ಬೇಡ ಮೇಡಂ. ನನ್ನ ಕೈಲಿ ಪ್ರತಿ ಸಲ ಬಂದಿದೆ. ನೀವೇ ನೋಡಿದೀರಿ."

"ನೋಡಿದೀನಿ."

"ಮತ್ತೆ?"

"ನಿನ್ನ ಕೈಯನ್ನ ಎಲ್ಲರ ತೋಟಕ್ಕೂ ಕಳಿಸೋಕಾಗುತ್ತೇನಪ್ಪಾ?"

ತಿಪ್ಪೇಶ ಬಾಗಿಲು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೊರಗೆ ಬಂದ. ಕೇಳಿ ಒಪ್ಪಿಸುವ ದಾರಿ ಮುಚ್ಚಿತ್ತು. ಆಗ ಅವನಿಗೆ ಫ್ರೀಜರ್ ನೆನಪಾಯಿತು.

ಮುಬೀನಾ ಅವತ್ತು ಬೆಳಿಗ್ಗೆ ತನ್ನ ಗಿಡಗಳ ಎಲೆ ಕಿತ್ತು, ಪೊಟ್ಟಣ ಕಟ್ಟಿ, ಮಧ್ಯಾಹ್ನ ಅರೆಯಲೆಂದು ಫ್ರೀಜರಿನಲ್ಲಿ ಇಟ್ಟಿದ್ದಳು. ಒಮ್ಮೆ ಅರೆಯಲು ಕೂತರೆ ಅವಳು ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಬೇರೆಯವರ ಕೈಗೆ ಸಿಗುವುದು ಆ ಪೊಟ್ಟಣಗಳು ಮಾತ್ರ.

ಎಲ್ಲರೂ ಊಟಕ್ಕೆ ಹೋದರು. ತಿಪ್ಪೇಶ ಹೊಟ್ಟೆ ಸರಿಯಿಲ್ಲ ಎಂದು ಉಳಿದುಕೊಂಡ.

ಸಿಂಪಡಿಸಿದ ಗಿಡಗಳ ಪೊಟ್ಟಣ ಬಿಚ್ಚಿದ. ಅವಳ ಎಲೆ ತೆಗೆದು, ತಾನು ಸಿಂಪಡಿಸಿದ ಗಿಡಗಳ ಎಲೆ ಇಟ್ಟು, ಮೊದಲಿನ ಹಾಗೇ ಮಡಚಿದ. ಮೇಲೆ ಅವಳದೇ ಅಕ್ಷರ.

ನಾನು ಸುಳ್ಳೇನೂ ಹೇಳುತ್ತಿಲ್ಲ, ನಿಜವಾದ ಫಲಿತಾಂಶವನ್ನೇ ಸ್ವಲ್ಪ ಬೇಗ ಬರುವ ಹಾಗೆ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಜಾಣರಿಗೆ ಇಂಥ ಹೊತ್ತಿನಲ್ಲಿ ಕಾರಣಗಳಿಗೆ ಬರವಿರುವುದಿಲ್ಲ.

ಮಧ್ಯಾಹ್ನವೆಲ್ಲ ಅವನು ಅವಳ ಬೆಂಚಿನ ಪಕ್ಕ ಬಿಟ್ಟು ಕದಲಲಿಲ್ಲ. ಇವನ್ನೂ ಕೆಡಿಸದಿದ್ದರೆ ಸಾಕು ಎಂದು ಅವಳ ಕೈಯನ್ನೇ ನೋಡುತ್ತ ಕೂತಿದ್ದ.

ಸಿಂಪಡಿಸದ ಗಿಡಗಳಲ್ಲಿ ಗೆರೆ ಮೂಡಿತು. ಸಿಂಪಡಿಸಿದವುಗಳಲ್ಲಿ ಏನೂ ಇರಲಿಲ್ಲ.

ಮುಬೀನಾ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಓಡಿಹೋಗಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತಂದಳು.

"ತಿಪ್ಪೇಶಣ್ಣ ಬೈದ್ರು, ಆದ್ರೆ ಕೈ ಬಿಡ್ಲಿಲ್ಲ," ಎಂದು ಎಲ್ಲರ ಮುಂದೆ ಹೇಳಿದಳು.

ಎಲ್ಲರ ಜೊತೆ ತಿಪ್ಪೇಶನೂ ತಿಂದ.

ಮೇಡಂ ಕನ್ನಡಕ ಏರಿಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಈ ಸಲ ಏನು ಬದಲಾಯಿಸಿದೆಯಮ್ಮಾ?"

"ಏನೂ ಇಲ್ಲ ಮೇಡಂ. ಹೋದ ಸಲದ ಹಾಗೇ ಮಾಡಿದೆ."

"ಹಾಗೇ ಮಾಡಿದ್ರೆ ಹಾಗೇ ಬರಬೇಕಿತ್ತಲ್ಲ?"

ಮುಬೀನಾ ತನ್ನ ನೋಟ್‌ಬುಕ್ ತೆಗೆದು ಹಾಳೆ ತಿರುವಿದಳು.

"ಏನೋ ಬದಲಾಗಿದೆ. ಹುಡುಕು," ಎಂದರು ಮೇಡಂ. "ಸಿಗೋವರೆಗೂ ಪೇಪರ್ ಇರಲಿ."

ಅವಳು ಹುಡುಕಲು ಶುರುಮಾಡಿದಳು. ಅವತ್ತು ಹೊಸ ಡಬ್ಬಿಯ ಗ್ಲೌಸ್ ಹಾಕಿದ್ದೆನೇ? ನೀರು ಬೇರೆ ಬಾಟಲಿಯದ್ದೇ? ಒಂದೊಂದನ್ನೇ ಹಿಡಿದು ಪ್ರಯೋಗ ಮಾಡಿದಳು. ಮತ್ತೆ ಗೆರೆ, ಮತ್ತೆ ಗೆರೆ.

ತಿಪ್ಪೇಶ ನೋಡುತ್ತಲೇ ಇದ್ದ. ಅವಳು ಹುಡುಕುತ್ತಿದ್ದದ್ದು ತನ್ನ ಹೊಟ್ಟೆಯೊಳಗಿದೆ ಎಂದು ಗೊತ್ತಿದ್ದೂ ನೋಡುತ್ತಿದ್ದ.

ಒಂದು ಸಂಜೆ ಅವಳೇ ಬಂದು ಅವನ ಪಕ್ಕದಲ್ಲಿ ನಿಂತಳು.

"ತಿಪ್ಪೇಶಣ್ಣ, ಅವತ್ತು ನಾನು ಏನು ಸರಿ ಮಾಡಿದ್ದೆ ಅಂತ ನಿಮಗಾದ್ರೂ ಗೊತ್ತಾ?"

ಅವನು ಎದ್ದು ಹೊರಗೆ ನಡೆದುಬಿಟ್ಟ.

ಮೇಡಂ ಸಂಜೆ ಹೊತ್ತು ನದಿಯ ದಂಡೆಯಲ್ಲಿ ತಿರುಗಾಡುತ್ತಿದ್ದರು. ತಿಪ್ಪೇಶ ಹಿಂದಿನಿಂದ ಹೋಗಿ ಹೆಜ್ಜೆ ಸೇರಿಸಿದ.

"ಎಲೆ ಬದಲಾಯಿಸಿದ್ದು ನಾನು ಮೇಡಂ."

ಮೇಡಂ ನಿಂತರು. ಅವರ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಅವನು ಕಾದ. ನೋವು ಬಂತು. ಅದು ಸಿಟ್ಟಿಗಿಂತ ಕಷ್ಟವಾಗಿತ್ತು.

"ಯಾವ ಎಲೆ?" ಎಂದರು ಕಡೆಗೆ.

"ಸಿಂಪಡಿಸಿದ ಗಿಡದ್ದು. ಅವಳದ್ದು ತೆಗೆದು ನಂದು ಇಟ್ಟೆ."

"ಯಾವಾಗ?"

"ಅರೆಯೋಕೆ ಮುಂಚೆ."

"ಅರೆದಿದ್ದು ಯಾರು?"

"ಅವಳೇ."

"ಪರೀಕ್ಷೆಗೆ ಹಾಕಿದ್ದು?"

"ಅದೂ ಅವಳೇ. ನಾನು ಮುಟ್ಟಲಿಲ್ಲ ಮೇಡಂ."

"ಗೆರೆ ಬಂತಾ?"

"ನನ್ನ ಎಲೆಗಳಲ್ಲಿ ಬರಲಿಲ್ಲ. ಸಿಂಪಡಿಸದೇ ಇದ್ದದ್ದರಲ್ಲಿ ಬಂತು."

"ಅಂದ್ರೆ?"

ತಿಪ್ಪೇಶನಿಗೆ ಇಷ್ಟು ದಿನ ಇದ್ದದ್ದು ಸಿಕ್ಕಿಬೀಳುವ ಭಯ, ಆಮೇಲೆ ನಾಚಿಕೆ. ಆ ಫಲಿತಾಂಶ ಏನು ಹೇಳುತ್ತಿದೆ ಎಂದು ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ರೋಗದ ಎಲೆ ಪುಡಿ ಹಾರಿಲ್ಲ. ಅವಳು ಅರೆದಿದ್ದು ಸರಿ ಇದೆ, ಪರೀಕ್ಷೆ ಸರಿ ಇದೆ." ಅವನ ದನಿ ಇಳಿಯಿತು. "ಅವಳ ಕೈ ಮೊದಲಿಂದಲೂ ಸರಿ ಇತ್ತು ಮೇಡಂ."

"ಇದನ್ನ ನನಗೆ ಯಾಕೆ ಹೇಳ್ತೀಯ?"

ಅವನಿಗೆ ಅರ್ಥವಾಯಿತು. ಹೋಗುವ ಮೊದಲು ಒಂದು ಮಾತು ಕೇಳಿದ.

"ನನ್ನನ್ನ ಕಳಿಸಿಬಿಡ್ತೀರಾ ಮೇಡಂ?"

"ಮೊದಲು ಅವಳ ಹತ್ತಿರ ಹೋಗು."

ಮುಬೀನಾ ಬೆಂಚು ಒರೆಸುತ್ತಿದ್ದಳು. ಅವನು ಹೇಳುವುದನ್ನು ಒರೆಸುತ್ತಲೇ ಕೇಳಿದಳು. ನಡುವೆ ಕೈ ನಿಂತಿತು.

"ಅಂದ್ರೆ ನಾನು ಇಷ್ಟು ದಿನ ಹುಡುಕಿದ್ದು?"

"ಅಂಥದ್ದು ಏನೂ ಇರಲಿಲ್ಲ."

"ಮಂಡಕ್ಕಿ ತಿಂದ್ರಲ್ಲ ನೀವು."



ಅವಳು ತನ್ನ ಸುಕ್ಕುಗಟ್ಟಿದ ಬೆರಳುಗಳನ್ನು ನೋಡಿಕೊಂಡಳು.

"ನನ್ನ ಕೈ ಸರಿ ಇತ್ತಾ?"

"ಸರಿ ಇತ್ತು ಮುಬೀನಾ. ಮೊದಲ ದಿನದಿಂದಲೂ."

ಅವಳು ಸ್ಟೂಲಿನ ಮೇಲೆ ಕೂತು ಅತ್ತಳು. ಈ ಸಲದ ಅಳು ಬೇರೆ. ಅವನಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಮಾರನೇ ದಿನ, ಅದರ ಮಾರನೇ ದಿನ, ಅವಳು ಅವನ ಜೊತೆ ಮಾತಾಡಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ತಾನಾಗಿಯೇ ಬಂದಳು. ಮುಖ ಇನ್ನೂ ಬಿಗಿದಿತ್ತು. ಆದರೆ ಕುತೂಹಲ ಸಿಟ್ಟನ್ನು ಮೀರಿತ್ತು.

"ಕೈ ಸರಿ ಇತ್ತು ಅಂದ್ರೆ ತಪ್ಪಿರೋದು ಅದಕ್ಕಿಂತ ಮುಂಚೆ. ಬೀಜ?"

"ಒಂದೇ ಚೀಲದ್ದು."

"ಸಿಂಪಡಿಸಿದ್ದು?"

"ನಾನು ಉಪಯೋಗಿಸಿದ್ದನ್ನೇ ನಿನಗೆ ಕೊಟ್ಟೆ."

"ನಾನು ಬೆಂಚಿನ ಮೇಲೆ ಸಿಂಪಡಿಸೋವಾಗ ಎರಡು ಸಲ ನೀವೇ ನಿಂತು ನೋಡಿದ್ರಿ. ಮತ್ತೆ ಗಿಡ?"

"ನನ್ನ ಗಿಡ ಹಿಂದುಗಡೆ ನೆಟ್ ಹೌಸಲ್ಲಿದ್ವು," ಎಂದ ತಿಪ್ಪೇಶ. ಬಲೆ ಕಟ್ಟಿದ ಆ ಚಪ್ಪರಕ್ಕೆ ಬಿಸಿಲು ಗಾಳಿ ಧಾರಾಳವಾಗಿ ಬರುತ್ತಿತ್ತು. "ನಿನ್ನವು ಎಲ್ಲಿಟ್ಟಿದ್ದೆ?"

"ಎಸಿ ರೂಮಲ್ಲಿ."

"ಅಲ್ಲ್ಯಾಕೆ ಇಟ್ಟೆ?"

"ನೆಟ್ ಹೌಸ್ ತುಂಬ ನಿಮ್ಮ ಗಿಡಾನೇ ಇತ್ತಲ್ಲ ಅಣ್ಣ. ಜಾಗ ಕೇಳಿದ್ದಕ್ಕೆ, ನನ್ನದು ಮುಗೀಲಿ ಆಮೇಲೆ ನೋಡೋಣ ಅಂದ್ರಿ."

ಅಂದದ್ದು ಅವನಿಗೆ ನೆನಪೂ ಇರಲಿಲ್ಲ. ನೆಟ್ ಹೌಸ್ ತನ್ನ ಸ್ವಂತದ್ದು ಎಂಬ ಹಾಗೆ ಇದ್ದವನು ಅವನು.

ಇಬ್ಬರೂ ಹೋಗಿ ಮೇಡಂಗೆ ಹೇಳಿದರು.

"ಸರಿ," ಎಂದರು ಮೇಡಂ. "ಜಾಗ ಬದಲಿಸಿ."

ಈ ಸಲ ನೆಟ್ ಹೌಸ್ ಮುಬೀನಾಳದ್ದಾಯಿತು. ತಿಪ್ಪೇಶ ತನ್ನ ಗಿಡಗಳನ್ನು ಎಸಿ ರೂಮಿಗೆ ಹೊತ್ತುಕೊಂಡು ಹೋದ. ಪಳಗಿದ ಕೈಯಿಂದ, ಎಲ್ಲ ಎಚ್ಚರದಿಂದ, ಎಂದಿನಂತೆ ಮಾಡಿದ.

ಅವನ ಗಿಡಗಳಲ್ಲಿ ಗೆರೆ ಮೂಡಿತು. ಅವಳವುಗಳಲ್ಲಿ ಮೂಡಲಿಲ್ಲ.

ತಿಪ್ಪೇಶ ಜೀವಮಾನದಲ್ಲಿ ಮೊದಲ ಸಲ ತನ್ನ ಪ್ರಯೋಗ ಸೋತದ್ದಕ್ಕೆ ಖುಷಿಪಟ್ಟ.

ತಂಪಿನಲ್ಲಿ, ವೈರಸ್ಸಿನ ಆರ್‌ಎನ್‌ಎಯನ್ನು ತುಂಡರಿಸುವ ಗಿಡದ ಕತ್ತರಿ ಸರಿಯಾಗಿ ಆಡುತ್ತಿರಲಿಲ್ಲ. ಸಿಂಪಡಿಸಿದ್ದು ಬೆಚ್ಚಗಿದ್ದಾಗ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಇಬ್ಬರೂ ಸೇರಿ, ಎಷ್ಟು ಬಿಸಿಗೆ ಎಷ್ಟು ಕೆಲಸ ಮಾಡುತ್ತದೆ ಎಂದು ಒಂದೊಂದಾಗಿ ಅಳೆದರು. ಬೇರೆ ಶಿಷ್ಯರ ಕೈಗೂ ಕೊಟ್ಟು ನೋಡಿದರು. ಎಲ್ಲರಿಗೂ ಅದೇ ಬಂತು.

"ಮೊದಲಿನ ಪೇಪರ್ ಹೋಗಿದ್ದಿದ್ರೆ ಏನಾಗ್ತಿತ್ತು ಮೇಡಂ?" ಎಂದು ಮುಬೀನಾ ಕೇಳಿದಳು.

"ಯಾರೋ ಚಳಿಗಾಲದಲ್ಲಿ ಇದನ್ನ ನಂಬಿ ಸಿಂಪಡಿಸ್ತಿದ್ರು," ಎಂದರು ಮೇಡಂ.

ಇದೆಲ್ಲ ಮುಗಿಯುವ ಹೊತ್ತಿಗೆ ದೂರದ ಪ್ರಯೋಗಾಲಯದ ಕೆಲಸ ಬೇರೆಯವರ ಪಾಲಾಗಿತ್ತು. ತಿಪ್ಪೇಶನಿಗೆ ಸಂಕಟವಾಯಿತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ಅವನ ಕೈಯಲ್ಲಿ ಉಳಿದದ್ದು ಪಿಎಚ್‌ಡಿ ಪ್ರಬಂಧವೊಂದೇ. ಅದೂ ಹೋದರೆ ಇಷ್ಟು ವರ್ಷ ನೀರಿನಲ್ಲಿ ಹೋಮ.

ಪ್ರಬಂಧ ಬರೆಯುತ್ತ ಬರೆಯುತ್ತ ಅವನು ಒಂದು ಕಡೆ ಬಂದು ನಿಂತ. ನಾಲ್ಕು ದಿನ ಅಲ್ಲೇ ನಿಂತ. ಮತ್ತೆ ಮೇಡಂ ಹತ್ತಿರ ಹೋದ.

"ಎಲೆ ಬದಲಾಯಿಸಿದ ವಿಷಯ ಬಿಟ್ಟು ಬರೀಲಾ ಮೇಡಂ?"

"ಅದಿಲ್ಲದೆ ನಿಮಗೆ ಜಾಗದ ಮೇಲೆ ಅನುಮಾನ ಬರ್ತಿತ್ತಾ?"

"ಇಲ್ಲ."

"ಮತ್ತೆ ಅದು ಪ್ರಯೋಗದಲ್ಲಿ ಸೇರಿತಲ್ಲಪ್ಪಾ."

"ಬರೆದ್ರೆ ಓದಿದೋರು ನನ್ನನ್ನ ನಂಬೋದೇ ಇಲ್ಲ."

"ಇರಬಹುದು."

"ಬರೀಬೇಕಾ ಮೇಡಂ?"

"ಪ್ರಬಂಧದ ಮೇಲೆ ಯಾರ ಹೆಸರಿರುತ್ತೆ?" ಎಂದು ಕೇಳಿ ಮೇಡಂ ತಮ್ಮ ಕೆಲಸಕ್ಕೆ ತಿರುಗಿಕೊಂಡರು.

ತಿಪ್ಪೇಶ ಬರೆದ. ಒಂದು ಸಲ ಎಲೆಗಳು ಬದಲಾಗಿದ್ದವು ಎಂದು ಬರೆದು ಮುಬೀನಾಳಿಗೆ ತೋರಿಸಿದ.

ಅವಳು ಓದಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವನ ಮುಂದೆ ನಕ್ಕದ್ದು ಅದೇ ಮೊದಲು.

"ಎಲೆ ತಾವೇ ಎದ್ದು ನಡ್ಕೊಂಡು ಹೋದ್ವಾ ತಿಪ್ಪೇಶಣ್ಣ?"

ಅವನು ಅದನ್ನು ಹೊಡೆದುಹಾಕಿ, ನಡೆದದ್ದನ್ನು ನಡೆದ ಹಾಗೇ ಬರೆದ.

ಮೌಖಿಕ ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಕಟ್ಟುನಿಟ್ಟಿಗೆ ಹೆಸರಾದ ಹಿರಿಯ ವಿಜ್ಞಾನಿ. ಮೇಡಂ ಅವರ ಪಕ್ಕದಲ್ಲಿ ಕೂತಿದ್ದರು. ಎದುರಿಗೆ ಶಿಷ್ಯರೆಲ್ಲ.

ತಿಪ್ಪೇಶ ತನ್ನ ಕೆಲಸವನ್ನು ವಿವರಿಸಿದ. ಪರೀಕ್ಷಕರು ಅದೂ ಇದೂ ಕೇಳಿದರು, ಇವನು ಹೇಳಿದ. ಕಡೆಗೆ ಅವರು ಪ್ರಬಂಧದಲ್ಲಿ ಗುರುತಿಟ್ಟುಕೊಂಡಿದ್ದ ಒಂದು ಪುಟ ತೆಗೆದು, ಗಟ್ಟಿಯಾಗಿ ಓದಿದರು.

"ಸಿಂಪಡಿಸಿದ ಗಿಡಗಳ ಎಲೆಗಳನ್ನು ಈ ಪ್ರಬಂಧದ ಲೇಖಕ ಮುಬೀನಾ ಅವರಿಗೆ ತಿಳಿಸದೆ ತೆಗೆದು, ತನ್ನ ಗಿಡಗಳ ಎಲೆಗಳನ್ನು ಇಟ್ಟ. ತನಗೆ ಬೇಕಾದ ಫಲಿತಾಂಶ ಬರಲಿ ಎಂದು ಹಾಗೆ ಮಾಡಿದ. ಅದು ತಪ್ಪು. ಅದರಿಂದ ತಿಳಿದುಬಂದದ್ದು ಹೀಗಿದೆ."

ಅವರು ಪುಟದ ಮೇಲೆ ಬೆರಳಿಟ್ಟು ತಿಪ್ಪೇಶನ ಕಡೆ ನೋಡಿದರು.

"ಇದನ್ನ ಯಾರು ಬರೆಸಿದ್ರು?"

"ಯಾರೂ ಬರೆಸಲಿಲ್ಲ ಸರ್. ನಾನೇ ಬರೆದೆ."

"ಒಂದು ಸಲ ಎಲೆ ಬದಲಾಯಿಸಿದವರು ಇನ್ನೂ ಏನೇನು ಬದಲಾಯಿಸಿರಬಹುದು ಅಂತ ನಾನು ಯಾಕೆ ಅನುಮಾನ ಪಡಬಾರದು?"

ತಿಪ್ಪೇಶ ತಲೆ ಎತ್ತಿ ನೋಡಿದ.

"ಪಡಬೇಕು ಸರ್. ಬೀಜ, ಸಿಂಪಡಿಸೋ ಆರ್‌ಎನ್‌ಎ ಎಲ್ಲ ಕಟ್ಟಿಟ್ಟಿದೀನಿ. ತಗೊಂಡು ಹೋಗಿ ನಿಮ್ಮಲ್ಲಿ ಯಾರ ಕೈಲಾದ್ರೂ ಮಾಡಿಸಿ. ಹೊಸಬರ ಕೈಲಿ ಮಾಡಿಸಿದ್ರೆ ಇನ್ನೂ ಒಳ್ಳೇದು."

ಪರೀಕ್ಷಕರು ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಒಪ್ಪಿಗೆಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದು, ಬರೆಯದೆ, ಪಕ್ಕಕ್ಕೆ ತಿರುಗಿದರು.

"ನೀಲಾಂಬಿಕೆಯವರೇ, ಇಷ್ಟೆಲ್ಲ ಆದಮೇಲೂ ನೀವು ಇವರನ್ನ ನಂಬ್ತೀರಾ?"

ಮೇಡಂ ಕನ್ನಡಕ ತೆಗೆದು ಕೊರಳಿಗೆ ಇಳಿಬಿಟ್ಟರು.

"ಉಳಿದ ಪುಟಗಳನ್ನ ನಂಬೋಕೆ ನನಗೆ ಇನ್ನೊಬ್ಬರ ಕೈ ಬೇಕಾಯ್ತು ಸರ್," ಎಂದರು. "ಈ ಪುಟವನ್ನ ಇವನ ಕೈಯಿಂದಲೇ ನಂಬಿದೆ."